ಜಿಲಾನ್ ಬಾಷಾ ನೋಡಿದ ಎರಡು ಕಾರು

ಚಳ್ಳಕೆರೆ ಕಡೆ ಯಾರೇ ಹಳೇ ಗಾಡಿ ಕೊಳ್ಳಲಿ, ಮೊದಲು ಜಿಲಾನ್ ಬಾಷಾನಿಗೆ ತೋರಿಸುವುದು ಮೂವತ್ತು ವರ್ಷದಿಂದ ನಡೆದುಬಂದ ಪದ್ಧತಿ. ಟ್ರ್ಯಾಕ್ಟರ್ ಇರಲಿ, ಟೆಂಪೋ ಇರಲಿ, ಅಳಿಯನಿಗೆ ಕೊಡುವ ಬೈಕ್ ಇರಲಿ, ಅವನ ಗ್ಯಾರೇಜಿನ ಮುಂದೆ ಒಂದು ಗಂಟೆ ನಿಲ್ಲಬೇಕು. ನೋಡಿದ್ದಕ್ಕೆ ಅವನು ದುಡ್ಡು ಮುಟ್ಟುವುದಿಲ್ಲ. "ತಗಾಳ್ರಿ" ಅಂದರೆ ತಗೋಬೇಕು, "ಬ್ಯಾಡ್ರಿ" ಅಂದರೆ ಬಿಡಬೇಕು.

ಲಾರಿಗಳ ಕೆಳಗೆ ಮಲಗಿ ಕಲಿತ ವಿದ್ಯೆ ಅದು. ಎಡಗೈ ಹೆಬ್ಬೆರಳಿನ ಉಗುರನ್ನು ಯಾವ ಕಾಲದಲ್ಲೋ ಫ್ಯಾನ್ ಬೆಲ್ಟು ಕಿತ್ತುಕೊಂಡಿದೆ. ಇಂಜಿನ್ ಚಾಲೂ ಮಾಡಿಸಿ, ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಾನೆ. "ಇಂಜಿನ್ ಮಾತಾಡಿದ್ರೆ ಕೇಳಿಸ್ತೈತೆ, ನಾನು ಮಾತಾಡಿದ್ರೆ ಕೇಳ್ಸಲ್ಲ ಇವ್ರಿಗೆ" ಎಂದು ಹೆಂಡತಿ ಗುಲ್ಷನ್ ಬೀ ರೇಗುವುದನ್ನು ನಾನೇ ಕೇಳಿದ್ದೇನೆ. ಅವನ ಕೈಗುಣ ದೊಡ್ಡದು ಎಂದೂ ಜನ ನಂಬುತ್ತಾರೆ. ಪೂಜೆ ಮುಗಿದು ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟ ಮೇಲೆ ಗಾಡಿಯನ್ನು ಮೊದಲು ಮುಂದಕ್ಕೆ ಬಿಡುವವನು ಬಾಷಾನೇ ಆಗಬೇಕು.

ನಾನು ಓಬಳೇಶ, ತಳಕಿನವನು. ಮೊಳಕಾಲ್ಮೂರಿನ ರೇಷ್ಮೆ ಸೀರೆ ವ್ಯಾಪಾರಿ ಮುರುಗೇಂದ್ರಪ್ಪ ಸಾಹುಕಾರರಲ್ಲಿ ಡ್ರೈವರ್ ಆಗಿದ್ದೆ. ಬಾಷಣ್ಣನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ನನಗೆ ಸಾಕಾಗಿ ಹೋಗಿದೆ.

ಹೋದ ವರ್ಷ ಸಾಹುಕಾರರಿಗೆ ದೊಡ್ಡ ಕಾರಿನ ಹುಚ್ಚು ಹತ್ತಿತು. ಬಳ್ಳಾರಿಯಲ್ಲಿರುವ ಅವರ ಷಡ್ಡಕ ಅಂಥದ್ದೊಂದು ಕೊಂಡಿದ್ದೇ ಕಾರಣ. ಹೊಸದು ಕೊಳ್ಳಲು ಮನಸ್ಸು ಬರಲಿಲ್ಲ. ಬೆಂಗಳೂರಿನ ಹಳೇ ಕಾರಿನ ವ್ಯಾಪಾರಿಯೊಬ್ಬ ಎರಡು ತೋರಿಸಿದ. ಎರಡೂ ಹೆಸರುವಾಸಿ ವಿದೇಶಿ ಕಂಪನಿಯವು, ಎರಡೂ ಮೂರು ವರ್ಷ ಓಡಿದವು, ಬೆಲೆಯೂ ಹೆಚ್ಚುಕಡಿಮೆ ಒಂದೇ. ಬಿಳಿಯದರಲ್ಲಿ ಹಿಂದಿನ ಸೀಟು ವಿಶಾಲ, ಸರ್ವಿಸ್ ಪುಸ್ತಕ ಪೂರ್ತಿ, ಶೋಕಿ ಕಡಿಮೆ. ಕರಿಯದರಲ್ಲಿ ಮೇಲಿನ ಗಾಜು ತೆರೆಯುತ್ತದೆ, ಬೆನ್ನು ಒತ್ತುವ ಸೀಟು, ಒಳಗೆಲ್ಲ ಬಣ್ಣಬಣ್ಣದ ದೀಪ.

ಎರಡು ತಿಂಗಳು ಅಂಗಡಿಯಲ್ಲಿ ಬೇರೆ ಮಾತೇ ಇಲ್ಲ. ಬೆಳಿಗ್ಗೆ ಬಿಳಿ ಅನ್ನುವರು, ಮಧ್ಯಾಹ್ನ ಫೋನಿನಲ್ಲಿ ಯಾವನದೋ ವಿಡಿಯೋ ನೋಡಿ ಕರಿ ಅನ್ನುವರು. ಸೀರೆ ನೋಡಲು ಬಂದ ಹೆಂಗಸರನ್ನೂ ಬಿಡಲಿಲ್ಲ. "ಬಿಳೇದಕ್ಕೆ ಅಂಚೇ ಇಲ್ಲದಂಗೈತೆ" ಎಂದು ಒಬ್ಬಾಕೆ ಅಂದಿದ್ದಕ್ಕೆ ಒಂದು ವಾರ ಬಿಳಿಯ ಹೆಸರೆತ್ತಲಿಲ್ಲ. ದಿನಕ್ಕೆರಡು ಸಲ ಬಾಷಣ್ಣನಿಗೆ ಫೋನು. ಅವನಿಗೂ ತಲೆ ಕೆಟ್ಟಿತು.

"ಸಾವ್ಕಾರ್ರೆ, ಫೋನಿನಾಗೆ ಗಾಡಿ ಕಾಣಲ್ಲ. ಎರಡೂ ತರಿಸ್ರಿ, ನೋಡ್ತೀನಿ."

ತರಿಸಿದರು. ಶುಕ್ರವಾರದ ನಮಾಜು ಮುಗಿಸಿ ಬಂದು ಬಾಷಣ್ಣ ಕೆಲಸಕ್ಕೆ ಇಳಿದ. ಸಾಹುಕಾರರು ವ್ಯಾಪಾರಿಯ ಕಡೆಯವನ ಜೊತೆ ಎದುರಿನ ಹೋಟೆಲಿನಲ್ಲಿ ಕೂತರು. ಟಾರ್ಚ್ ಹಿಡಿದವನು ನಾನು. ಬಿಳಿಯದರಲ್ಲಿ ಒಂದು ಟೈರು ಸವೆದಿತ್ತು, ಅಷ್ಟೇ. ಕರಿಯದರ ಹಿಂದಿನ ಸೀಟಿನ ಬೆಲ್ಟನ್ನು ಬಾಷಣ್ಣ ಎಳೆದ, ಇನ್ನೂ ಎಳೆದ, ತುದಿ ಬರುವವರೆಗೂ ಎಳೆದ. ಕೊನೆಯ ಗೇಣಿನಲ್ಲಿ ಕೆಸರಿನ ಗೆರೆ ಒಣಗಿ ನಿಂತಿತ್ತು. ಕಾರ್ಪೆಟ್ ಎತ್ತಿದರೆ ಹಿಟ್ಟಿನಂಥ ಮಣ್ಣು, ಸೀಟಿನ ಬೋಲ್ಟುಗಳಿಗೆ ತುಕ್ಕು.

"ನೋಡ್ದೇನ್ಲೇ ಓಬಳೇಶ? ನೀರಾಗೆ ಮುಳುಗಿದ ಗಾಡಿ ಇದು. ಇವತ್ತು ಓಡ್ತೈತೆ. ವೈರಿಂಗೆಲ್ಲ ಒಳಗೊಳಗೇ ಖರಾಬ್ ಆಗ್ತಿರ್ತೈತೆ."

"ನೋಡ್ದೆ ಬಾಷಣ್ಣ," ಅಂದೆ.

ಬಿಳಿಯದು ತಗೊಳ್ಳಿ, ಕರಿಯದು ನೀರಲ್ಲಿ ಮುಳುಗಿದ್ದು, ಬೆಲ್ಟಿನಲ್ಲಿ ಕೆಸರಿದೆ, ಬೇಡವೇ ಬೇಡ ಎಂದು ಬಾಷಣ್ಣ ಹೇಳಿದಾಗ ಸಾಹುಕಾರರ ಮುಖ ಸಪ್ಪಗಾಯಿತು, ಎದ್ದು ಬಂದು ನೋಡಲೂ ಇಲ್ಲ. ವ್ಯಾಪಾರಿಯ ಕಡೆಯವನು ನಕ್ಕು, ಫೋನಿನಲ್ಲಿ ಕಂಪ್ಯೂಟರ್ ರಿಪೋರ್ಟು ತೋರಿಸಿದ. ಇನ್ನೂರು ಕಡೆ ಹಸಿರು ಗುರುತು. "ಹಳೇ ಮೆಕ್ಯಾನಿಕ್ಕು ಸರ್, ಲಾರಿ ನೋಡಿದ ಹಾಗೆ ನೋಡ್ತಾರೆ" ಅಂದ.

ವಾಪಸು ಬರುವಾಗ ಬಿ.ಜಿ. ಕೆರೆ ಹತ್ತಿರ ಸಾಹುಕಾರರು ಕೇಳಿದರು, "ಓಬಳೇಶ, ನೀನು ಪಕ್ಕದಾಗೇ ಇದ್ದೆಲ್ಲ. ಕೆಸರು ಇತ್ತೇನೋ?"

ನಿಜ ಹೇಳುತ್ತೇನೆ. ಅವರಿಗೆ ಬೇಕಾದ ಉತ್ತರ ಯಾವುದು ಎಂದು ಅವರ ದನಿಯಲ್ಲೇ ಗೊತ್ತಾಗಿತ್ತು. ಅದಕ್ಕಿಂತ ದೊಡ್ಡ ಕಾರಣ ನನ್ನದೇ ಆಸೆ. ನನಗೂ ಕರಿಯದೇ ಬೇಕಿತ್ತು. ಬಿ.ಜಿ. ಕೆರೆ ನನ್ನ ಹೆಂಡತಿಯ ತವರು. ಆ ಬೀದಿಯಲ್ಲಿ ಅಂಥ ಕಾರು ನಿಲ್ಲಿಸಿ, ಬಾಗಿಲು ತೆಗೆದು ಮನಸ್ಸಿನಲ್ಲೇ ನೂರು ಸಲ ಇಳಿದು ನೋಡಿದ್ದೆ.

"ನಂಗೇನೂ ಕಾಣ್ಲಿಲ್ಲ ಸಾವ್ಕಾರ್ರೆ," ಅಂದೆ.

ಮಾರನೇ ವಾರವೇ ಕರಿಯದು ಬಂತು. ಪೂಜೆಯ ದಿನ ಬಾಷಣ್ಣನನ್ನು ಚಳ್ಳಕೆರೆಯಿಂದ ಕರೆತರಲು ನನ್ನನ್ನೇ ಕಳಿಸಿದರು. ಯಾವ ಕಾರು ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಬಿಳಿಯದೇ ಇರಬೇಕೆಂದು ಅವನು ಇಸ್ತ್ರಿ ಅಂಗಿ ಹಾಕಿಕೊಂಡು ಖುಷಿಯಾಗಿ ಬಂದಿದ್ದ. ಅಂಗಡಿ ಮುಂದೆ ಇಳಿದು, ಚೆಂಡು ಹೂವಿನ ಹಾರ ಹಾಕಿದ ಕರಿ ಕಾರು ನೋಡಿ ನಿಂತುಬಿಟ್ಟ.

"ಇದನ್ನ ಬ್ಯಾಡ ಅಂದಿದ್ನಲ್ರಿ ಸಾವ್ಕಾರ್ರೆ."

"ಆಗಿದ್ದು ಆಯ್ತು ಬಾಷಾ," ಎಂದು ಸಾಹುಕಾರರು ಕೀ ಅವನ ಕೈಗಿಟ್ಟರು. "ನಿನ್ನ ಕೈಯಿಂದ ನಾಲ್ಕು ಮಾರು ಮುಂದಕ್ಕೆ ಓಡ್ಸು, ಒಳ್ಳೇದಾಗ್ಲಿ."

"ನನ್ನ ಕೈ ಬೇಕು, ಮಾತು ಬ್ಯಾಡ, ಹಂಗೇನ್ರಿ? ನಾನು ಓಡ್ಸಿದ್ರೆ ಬಾಷಾ ಒಪ್ಪಿದ ಗಾಡಿ ಅಂತಾರೆ ಜನ."

ನೆಂಟರಿಷ್ಟರ ಮುಂದೆ ಸಾಹುಕಾರರಿಗೆ ಸಿಟ್ಟು ಬಂತು. "ಕೆಸರು ಕೆಸರು ಅಂತೀಯಲ್ಲ, ಟಾರ್ಚ್ ಹಿಡಿದಿದ್ದ ಓಬಳೇಶಂಗೇ ಏನೂ ಕಾಣ್ಲಿಲ್ಲವಂತೆ. ಕೇಳು ಬೇಕಾದ್ರೆ!"

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಹೆಂಡತಿ ಮಕ್ಕಳೂ ಅಲ್ಲೇ ಇದ್ದರು. ಬಾಷಣ್ಣ ಒಂದು ಮಾತಾಡಿದ್ದರೆ ನನ್ನ ಕೆಲಸವೂ ಹೋಗುತ್ತಿತ್ತು, ಮಾನವೂ ಹೋಗುತ್ತಿತ್ತು. ಅವನು ನನ್ನನ್ನು ನೋಡಿದ, ನನ್ನ ಹೆಂಡತಿಯನ್ನು ನೋಡಿದ.

"ಹಂಗಾದ್ರೆ ನನ್ನ ಕಣ್ಣೇ ಮಂಜಾಗಿರ್ಬೇಕು ಸಾವ್ಕಾರ್ರೆ. ವಯಸ್ಸಾಯ್ತು," ಅಂದು ಕೀ ನನ್ನ ಕೈಗೆ ಕೊಟ್ಟು ಬಸ್ ಸ್ಟ್ಯಾಂಡಿನ ಕಡೆ ನಡೆದ. ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದವನು ನಾನು. ಜನ ಚಪ್ಪಾಳೆ ಹೊಡೆದರು.

ಒಂದೇ ತಿಂಗಳಲ್ಲಿ ಮಾತು ಎರಡೂ ತಾಲ್ಲೂಕು ಸುತ್ತಿತು. ಬಾಷಾನಿಗೆ ಕಣ್ಣು ಕಾಣುವುದಿಲ್ಲ, ಅವನೇ ಒಪ್ಪಿಕೊಂಡ. ಗ್ಯಾರೇಜಿನ ಮುಂದೆ ಗಾಡಿಗಳು ನಿಲ್ಲುವುದು ಕಡಿಮೆಯಾಯಿತು. ರಿಪೇರಿಗೆ ಬರುತ್ತಿದ್ದವರು ಉಂಟು, ಕೇಳಲು ಬರುವವರಿಲ್ಲ. ಅತ್ತ ಹೋದಾಗಲೆಲ್ಲ ನಾನು ಬೇರೆ ಕಡೆ ನೋಡುತ್ತಾ ಗಾಡಿ ಓಡಿಸಿದೆ. ಎಂಥ ಹೇಡಿತನ!

ಐದನೇ ತಿಂಗಳು, ತಳಕಿನ ಆಚೆ, ನಡು ಮಧ್ಯಾಹ್ನ, ಕಾರಿನ ಎಲ್ಲ ದೀಪಗಳೂ ಒಟ್ಟಿಗೆ ಹೊತ್ತಿಕೊಂಡು ಗಾಡಿ ನಿಂತಿತು. ಏಸಿ ಇಲ್ಲ, ಗಾಜು ಇಳಿಯಲಿಲ್ಲ. ಸಾಹುಕಾರರು ಬೆವರು ಒರೆಸಿಕೊಂಡು, "ಅವತ್ತು ಬಾಷಾ ಕೈ ಮುಟ್ಲಿಲ್ಲ ನೋಡು, ಅದಕ್ಕೇ ಹಿಂಗಾಯ್ತು," ಅಂದರು.

ನನಗೆ ಮೈಯೆಲ್ಲ ಉರಿದುಹೋಯಿತು. "ಕೈ ಅಲ್ಲ ಸಾವ್ಕಾರ್ರೆ, ಕೆಸರು! ನಾನೂ ಕಣ್ಣಾರೆ ನೋಡಿದ್ದೆ. ಸುಳ್ಳು ಹೇಳ್ದೆ."

ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. "ಇದನ್ನ ಯಾರ ಹತ್ರಾನೂ ಬಾಯಿ ಬಿಡ್ಬ್ಯಾಡ. ಗಾಡಿ ಮಾರ್ಬೇಕು," ಅಂದರು.

ಸಂಜೆ ಬಾಷಣ್ಣನ ಹತ್ತಿರ ಹೋಗಿ ಎಲ್ಲ ಒಪ್ಪಿಕೊಂಡೆ, ಸಾಹುಕಾರರು ಕಾರು ಮಾರಲು ಹೊರಟಿರುವುದನ್ನೂ ಹೇಳಿದೆ. ಅವನು ಕೈಯ ಗ್ರೀಸು ಒರೆಸಿಕೊಳ್ಳುತ್ತಾ ಕೇಳಿಸಿಕೊಂಡ. "ನಂಗ್ಯಾಕೆ ಹೇಳ್ತೀಯಾ? ನಂಗೆ ಗೊತ್ತಿತ್ತಲ್ಲೋ. ಕೊಳ್ಳಾಕೆ ಬರೋನಿಗೆ ಹೇಳು."

ರಿಪೇರಿಯಾದ ಮೇಲೆ ಹಿರಿಯೂರಿನಿಂದ ಜಂಪಣ್ಣ ಎಂಬ ಗಿರಾಕಿ ಬಂದ. ಸಾಹುಕಾರರ ಎದುರೇ ಎಲ್ಲ ಹೇಳಿಬಿಟ್ಟೆ. ಅಲ್ಲಿಗೆ ನನ್ನ ಕೆಲಸ ಹೋಯಿತು, ಅದಕ್ಕೆ ನನಗೆ ಬೇಜಾರಿಲ್ಲ. ಬೀದಿಗೆ ಬಂದ ಮೇಲೆ ಜಂಪಣ್ಣ ನನ್ನ ಬೆನ್ನು ತಟ್ಟಿದ.

"ಉಳಿಸ್ದೆ ಕಣಪ್ಪ. ಚಿತ್ರದುರ್ಗದಾಗೆ ಇನ್ನೊಂದು ಕಾರೈತೆ. ಬಂದು ನೋಡಿಕೊಡು."

"ಕಂಡುಹಿಡಿದೋನು ನಾನಲ್ರಿ, ಬಾಷಣ್ಣ. ಅವನಿಗೇ ತೋರ್ಸ್ರಿ."

ಜಂಪಣ್ಣ ನಕ್ಕ. "ಕಣ್ಣು ಕಾಣಲ್ಲ ಅಂತ ಅವನೇ ಒಪ್ಕೊಂಡಾನಂತಲ್ಲಪ್ಪ. ನೀನೇ ಬಾ."