ಈ ಪೈಪಿಗೆ ಏಳೇ ತಂತಿ

ಅಡಕ್ಲು ಗುಡ್ಡದ ಮಂಜು ಇನ್ನೂ ಕರಗಿಲ್ಲ. ಹೋ ಎಂಬ ನಮ್ಮ ಪಟ್ಟಣದ ಬಂಕೋ ಕೇರಿಯಲ್ಲಿ, ಮರಳು ರಾಶಿಯ ಪಕ್ಕ, ವೈರಿಂಗ್ ಕೆಲಸದಾಕೆ ಎಸಿನಮ್ ಅಗ್ಬೊಜೊ ಸಿಮೆಂಟ್ ಚೀಲದ ಕಾಗದಕ್ಕೆ ಬೆಂಕಿ ಹಚ್ಚಿ, ತಂತಿ ಹಾಯಿಸುವ ಪ್ಲಾಸ್ಟಿಕ್ ಪೈಪು ಕಾಯಿಸುತ್ತಿದ್ದಾರೆ. ಪೈಪಿನೊಳಗೆ ಮರಳು ತುಂಬಿದೆ. ಮೆತ್ತಗಾದ ಕೂಡಲೇ ಮೊಣಕಾಲಿಗೆ ಒತ್ತಿ ಬಗ್ಗಿಸುತ್ತಾರೆ. ಮರಳು ತುಂಬದೆ ಬಗ್ಗಿಸಿದರೆ ಪೈಪು ಚಪ್ಪಟೆಯಾಗಿ ತಂತಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ನಮ್ಮೂರಲ್ಲಿ ಅಂಥ ಪೈಪುಗಳಿಗೇನೂ ಬರವಿಲ್ಲ ಬಿಡಿ.

ಇವತ್ತು ಮೀನು ಮಾರುವ ಕಾಫುಯಿ ಅತ್ತೆಯ ಅಂಗಡಿಮನೆಯ ಛಾವಣಿಗೆ ಮೋಲ್ಡ್ ಹಾಕುವ ದಿನ. ಗಾರೆ ಮೇಸ್ತ್ರಿ ಅಗ್ಬೇಕೊ ಹಿರಿಯರ ಹೆಸರು ಹೇಳಿ ನೆಲಕ್ಕೆ ಸೊಡಾಬಿ ಸಾರಾಯಿ ಹೊಯ್ಯುತ್ತಾರೆ. ಹೊಯ್ದ ಮೇಲೆ ಕೊನೆಯ ಬಾಂಡ್ಲಿ ಕಾಂಕ್ರೀಟ್ ಬೀಳುವ ತನಕ ಕೆಲಸ ನಿಲ್ಲುವಂತಿಲ್ಲ. ನಿಂತರೆ ಆ ಮನೆಯಲ್ಲಿ ಜಗಳ ಬೇರೂರುತ್ತದೆ ಅನ್ನುವುದು ಇಲ್ಲಿಯ ಮೇಸ್ತ್ರಿಗಳ ಮಾತು. ಸಾರಾಯಿ ಮಣ್ಣಿಗೆ ಇಂಗುವಷ್ಟರಲ್ಲೇ ಅತ್ತೆ ಬಾಯಿಬಿಡುತ್ತಾರೆ.

"ಎಸಿನಮ್, ಹಿಂದಿನ ಕೋಣೇಲಿ ಎರಡು ಫ್ರೀಜರ್ ಇಡ್ತೀನಿ ಕಣೇ. ಅದಕ್ಕೂ ತಂತಿ ಬರುತ್ತಲ್ಲ?"

"ಅಯ್ಯೋ ಅತ್ತೆ! ಪೈಪು ಹಾಸೋವಾಗ ಎರಡು ದೀಪ, ಒಂದು ಫ್ಯಾನು, ನಾಲ್ಕು ಪ್ಲಗ್ಗು ಅಂದಿದ್ರಿ!"

"ಅದೇ ಪೈಪಲ್ಲಿ ತುರುಕಮ್ಮ," ಮೇಸ್ತ್ರಿ ಗೊಣಗುತ್ತಾರೆ. "ತಂತಿಗೇನು ಬೆವರು ಬರುತ್ತಾ?"

"ಬರುತ್ತೆ ಅಣ್ಣ. ಬಂದ ದಿನ ಇವರ ಮೀನು ಅಂಗಡೀಲೇ ಸುಟ್ಟು ಹೋಗುತ್ತೆ."

ಎಸಿನಮ್ ಇದ್ದಿಲಿನಿಂದ ಗೋಡೆಯ ಮೇಲೆ ಬರೆಯತೊಡಗುತ್ತಾರೆ. ಪೈಪಿನ ಒಳ ಅಗಲ ಹದಿನೇಳು ಮಿಲಿಮೀಟರ್. ಹದಿನೇಳನ್ನು ಹದಿನೇಳರಿಂದಲೇ ಗುಣಿಸಿದರೆ ಇನ್ನೂರ ಎಂಬತ್ತೊಂಬತ್ತು. ಬಿಸಿ ಆರಲು ಜಾಗ ಬಿಟ್ಟು, ಅದರಲ್ಲಿ ನೂರಕ್ಕೆ ನಲವತ್ತು ಪಾಲು ಮಾತ್ರ ತಂತಿಗೆ: ನೂರ ಹದಿನೈದು. ಸಿಪ್ಪೆ ಸೇರಿ ಒಂದು ತಂತಿಯ ದಪ್ಪ ನಾಲ್ಕು. ನಾಲ್ಕು ನಾಲ್ಕಲೆ ಹದಿನಾರು. ನೂರ ಹದಿನೈದರಲ್ಲಿ ಹದಿನಾರು ಎಷ್ಟು ಸಲ ಹೋಗುತ್ತದೆ? ಏಳು ಸಲ. ಆ ಪೈಪಿಗೆ ಆಗಲೇ ಆರು ತಂತಿ ನಿಗದಿಯಾಗಿದೆ. ಫ್ರೀಜರಿಗೆ ಇನ್ನು ಮೂರು ಬೇಕು.

ಈ ಲೆಕ್ಕ ತಲೆಗೆ ಹತ್ತಿದ್ದು ಹೊಲಿಗೆ ಯಂತ್ರದ ಮುಂದೆ ಎಂದರೆ ಯಾರೂ ನಂಬುವುದಿಲ್ಲ. ಆಕೆಯ ತಾಯಿ ದರ್ಜಿ. "ತಿಥಿಗೆ ಹೊಲಿಸೋ ಬಟ್ಟೇಲಿ ಊಟಕ್ಕೆ ಜಾಗ ಬಿಡು ಅಂತಿದ್ಲು ಅಮ್ಮ. ನಿಂತಾಗ ಚಂದ ಕಂಡ್ರೆ ಸಾಲ್ದು, ಅಕ್ಪ್ಲೆ ಮುದ್ದೆ ಉಂಡಾದ್ಮೇಲೂ ಹೊಲಿಗೆ ಬಿಚ್ಚಬಾರದು." ವೈರಿಂಗ್ ಕಲಿಯುತ್ತೇನೆಂದಾಗ ಕೇರಿಯೇ ನಕ್ಕಿತ್ತು. ಮೊದಲ ವರ್ಷಗಳಲ್ಲಿ ಏಣಿ ಹಿಡಿಯುವುದೇ ಕೆಲಸ. ಈಗ ದಿನಕ್ಕೆ ಎರಡು ಮನೆಯಾದರೂ ಸುತ್ತುತ್ತಾರೆ. ಮೋಲ್ಡ್ ಬಿದ್ದ ಮೇಲೆ ಆ ದುಡಿಮೆ ಮನೆಯವರ ಕಣ್ಣಿಗೂ ಬೀಳುವುದಿಲ್ಲ. ನನಗೇ ಬೇಸರವಾಗುತ್ತದೆ, ಆಕೆಗಿಲ್ಲ.

ಅಷ್ಟರಲ್ಲಿ ಕಾಂಕ್ರೀಟ್ ಮಿಕ್ಸರ್ ಗುಡುಗಲು ಶುರು. ಎಸಿನಮ್ ಸರಸರನೆ ಏಣಿ ಹತ್ತಿ ಕಂಬಿಗಳ ಮೇಲೆ ಕೂತುಬಿಡುತ್ತಾರೆ.

"ಇನ್ನೊಂದು ಪೈಪು ಹಾಸದೆ ಏಳಲ್ಲ. ಬೇಕಾದ್ರೆ ನನ್ನ ಮೇಲೇ ಸುರೀರಿ!"

"ಸಾರಾಯಿ ಹೊಯ್ದಾಗಿದೆ ತಾಯೀ, ನಿಲ್ಸೋ ಹಂಗಿಲ್ಲ!"

"ನಿಲ್ಸಿ ಅಂದೋರ್ಯಾರು? ಬೀದಿ ಕಡೆಯಿಂದ ಶುರು ಮಾಡಿ. ನಾನು ಹಿತ್ತಲ ಕಡೆ ಮುಗಿಸ್ತೀನಿ."

ಮೇಸ್ತ್ರಿ ತಲೆ ಕೆರೆದುಕೊಂಡು, ಬೈದುಕೊಂಡೇ ಬೀದಿ ಕಡೆಗೆ ಕೈ ತೋರಿಸುತ್ತಾರೆ. ಅಲ್ಲಿಂದ ಮುಂದೆ ನೋಡಬೇಕಿತ್ತು ಆ ಓಟ! ತಲೆಯ ಮೇಲೆ ಬಾಂಡ್ಲಿ ಹೊತ್ತ ಹೆಂಗಸರು ಹಾಡುತ್ತ ಕಾಂಕ್ರೀಟ್ ಸುರಿಯುತ್ತ ಬರುತ್ತಿದ್ದಾರೆ. ಎಸಿನಮ್ ಪೈಪು ಜೋಡಿಸಿ, ಅಂಟು ಬಳಿದು, ಕಂಬಿಗೆ ಕಟ್ಟುತ್ತ ಹಿಂದೆ ಸರಿಯುತ್ತಿದ್ದಾರೆ. "ನಿನ್ನ ಚಪ್ಪಲಿ ಮುಳುಗಿಸ್ತೀವಿ ನೋಡೇ!" ಎಂದು ಅವರ ಕೀಟಲೆ. ಕೊನೆಯ ಕಟ್ಟು ಬಿಗಿಯುವಾಗ ಕಾಂಕ್ರೀಟ್ ಆಕೆಯ ಹಿಮ್ಮಡಿ ಮುಟ್ಟಿದೆ. ಮಿಕ್ಸರ್ ಒಂದು ಗಳಿಗೆಯೂ ನಿಂತಿಲ್ಲ.

ಆದರೆ ಅವಸರದಲ್ಲಿ ಹಾಸಿದ ಪೈಪು ಒಳಗೆಲ್ಲಾದರೂ ಜಜ್ಜಿಹೋಗಿದ್ದರೆ? ಕೆಲವು ದಿನಗಳ ನಂತರ ನಾನು ಹೋದಾಗ ಎಸಿನಮ್ ಮುಖದಲ್ಲಿ ನಗುವಿಲ್ಲ. ಸ್ವಿಚ್ ಬೋರ್ಡಿನ ಕಡೆಯಿಂದ ಆ ಪೈಪಿನೊಳಗೆ, ತಂತಿಗಳನ್ನು ಎಳೆದು ತರುವ ಉಕ್ಕಿನ ಎಳೆತಂತಿ ತೂರಿಸುತ್ತಾರೆ. ಅರ್ಧದಲ್ಲಿ ಅದು ತಡೆಯುತ್ತದೆ. ಮೇಸ್ತ್ರಿ ಕೆಮ್ಮುತ್ತಾರೆ. ಎಸಿನಮ್ ಎಳೆತಂತಿಯನ್ನು ಹಿಂದಕ್ಕೆಳೆದು, ತಿರುಚಿ, ಮೆಲ್ಲನೆ ನೂಕುತ್ತಾರೆ.

"ಬಂತು! ಬಂತು ಕಣೇ!" ಹಿಂದಿನ ಕೋಣೆಯಿಂದ ಕಾಫುಯಿ ಅತ್ತೆಯ ಕೂಗು.

ಮೂರು ತಂತಿಗಳು ಸಲೀಸಾಗಿ ಹರಿದುಬರುತ್ತವೆ. ಅತ್ತೆ ಪೈಪಿನ ಬಾಯಿಗೆ ಕಣ್ಣಿಟ್ಟು ನೋಡುತ್ತಾರೆ. "ಇಷ್ಟೊಂದು ಜಾಗ ಸುಮ್ನೆ ಬಿಟ್ಟಿದ್ದೀಯಲ್ಲೇ! ಇನ್ನೆರಡು ಫ್ರೀಜರಿಗಾಗುತ್ತೆ, ತುಂಬು."

ಎಸಿನಮ್ ಕೈ ಒರೆಸಿಕೊಂಡು ನಗುತ್ತಾರೆ.

"ಆ ಖಾಲಿ ಜಾಗಾನ ಮಾತ್ರ ಮುಟ್ಟಬೇಡಿ ಅತ್ತೆ. ನಾನು ಮಾಡಿದ ಕೆಲಸ ಅಂದ್ರೆ ಅದೇ."