ಕಾರು ಹೊರಳದ ಓಣಿಯ ಮನೆ

ಗುಂಡಣ್ಣ, ಚಿನ್ನವ್ವ,

ಮೊನ್ನೆ ನೀವಿಬ್ಬರೂ ಮೆಟ್ಟಿಲ ಮೇಲೆ ಕೂತು ನನ್ನನ್ನು ಕೇಳಿದಿರಿ: "ಅಜ್ಜಿ, ನಾವು ಈ ಸಣ್ಣ ಓಣ್ಯಾಗ ಯಾಕ ಅದೇವಿ? ನಮ್ಮ ಗೆಳೆಯರ ಮನಿ ಮುಂದ ಕಾರು ನಿಲ್ತಾವು, ನಮ್ಮ ಮನಿ ಮುಂದ ಬರೇ ಬೆಕ್ಕು ನಿಲ್ತಾವು." ನಾನು ನಕ್ಕು ಒಳಗೆ ಎದ್ದುಹೋದೆ. ಉತ್ತರ ಗೊತ್ತಿರಲಿಲ್ಲ ಎಂದಲ್ಲ. ನನಗೆ ಮಾತು ಬಾಯಿಗೆ ಬರುವುದೇ ತಡ. ಮಾಸೂರಿನ ಹತ್ತಿರದ ನನ್ನ ತವರಿನಲ್ಲಿ ಏಳನೆಯ ತರಗತಿಯವರೆಗೆ ಓದಿದೆ. ಮಾಸ್ತರು ಹಾಜರಿ ಕರೆದರೆ ಪಕ್ಕದ ಗೆಳತಿಯನ್ನು ಚಿವುಟಿ, ಅವಳಿಂದಲೇ "ಬಂದಾಳ್ರಿ" ಎಂದು ಹೇಳಿಸುತ್ತಿದ್ದವಳು ನಾನು. ಬರೆಯುವಾಗ ಯಾರೂ ನನ್ನ ಮುಖ ನೋಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅವ್ವನಿಗೆ ಹುಬ್ಬಳ್ಳಿಯ ಒಂದು ದವಾಖಾನೆಯಲ್ಲಿ ನರ್ಸ್ ಕೆಲಸ ಸಿಕ್ಕಾಗ ನೀವೆಲ್ಲ ಸವಣೂರಿನಲ್ಲಿದ್ದಿರಿ. ಗುಂಡಣ್ಣ ಎರಡನೆಯ ತರಗತಿ ಮುಗಿಸಿದ್ದ. ಚಿನ್ನವ್ವ ಇನ್ನೂ ಅಂಗನವಾಡಿ. ಬೆಳಗಿನ ಪಾಳಿ ಇದ್ದರೆ ಅವ್ವ ಬಸ್ಸಿಗೆ ಹೋಗಿ ಬಸ್ಸಿಗೆ ಬರುತ್ತಿದ್ದಳು. ಸಂಜೆಯ ಪಾಳಿ ಬಂದರೆ ಕೊನೆಯ ಬಸ್ಸು ತಪ್ಪಿ, ಅಲ್ಲೇ ಹಾಸ್ಟೆಲ್ಲಿನಲ್ಲಿ ಯಾರದೋ ಹಾಸಿಗೆಯ ಅಂಚಿನಲ್ಲಿ ಮಲಗುತ್ತಿದ್ದಳು. ಹೀಗೆ ಎಷ್ಟು ದಿನ ನಡೆದೀತು? ಶಾಲೆ ಶುರುವಾಗುವುದರೊಳಗೆ ಹುಬ್ಬಳ್ಳಿಯಲ್ಲಿ ನಮ್ಮ ಕೈಗೆಟಕುವ ಮನೆ ಸಿಗದಿದ್ದರೆ ಅವ್ವ ಹಾಸ್ಟೆಲ್ಲಿಗೆ, ನಿಮ್ಮಪ್ಪ ಮೋಟಾರು ರಿಪೇರಿ ಅಂಗಡಿಯ ಕೆಲಸಕ್ಕೆಂದು ಸವಣೂರಿನಲ್ಲಿ, ನೀವಿಬ್ಬರೂ ನನ್ನ ಹತ್ತಿರ ತಿಳವಳ್ಳಿಗೆ ಎಂದು ತೀರ್ಮಾನವಾಗಿತ್ತು. ಒಂದು ಸಂಸಾರ ಮೂರು ಊರಿಗೆ ಹಂಚಿಹೋಗುವುದಿತ್ತು.

ನಿಮ್ಮಪ್ಪನಿಗೆ ರಜೆ ಇಲ್ಲ. ಹೀಗಾಗಿ ಮನೆ ಹುಡುಕಲು ನಿಮ್ಮ ಅವ್ವನ ಜೊತೆ ಹೊರಟವಳು ನಾನು. ಮಾತಾಡುವುದು ಅವಳ ಕೆಲಸ, ನೋಡುವುದು ನನ್ನ ಕೆಲಸ.

ಮೊದಲು ವಿದ್ಯಾನಗರಕ್ಕೆ ಹೋದೆವು. ಮನೆ ಚೆನ್ನಾಗಿತ್ತು. ಮಾಲೀಕರು ಬಾಡಿಗೆ ಹೇಳಿದಾಗ ನಿಮ್ಮ ಅವ್ವ, "ವರ್ಷಕ್ಕೇನ್ರಿ?" ಎಂದು ಕೇಳಿಬಿಟ್ಟಳು.

"ತಿಂಗಳಿಗವ್ವ. ನೀರಿನ ಬಿಲ್ಲು ಬ್ಯಾರೆ," ಎಂದರು ಅವರು.

ರಸ್ತೆಗೆ ಬಂದ ಮೇಲೆ ತಾಯಿ ಮಗಳು ನಕ್ಕಿದ್ದೇ ನಕ್ಕಿದ್ದು. ಕೇಶ್ವಾಪುರದಲ್ಲಿ ನಗುವಷ್ಟೂ ಉಸಿರು ಉಳಿಯಲಿಲ್ಲ. ಆಮೇಲೆ ಊರ ಹೊರಗಿನ ಹೊಸ ಬಡಾವಣೆಗಳಿಗೆ ಹೋದೆವು. ಅಲ್ಲಿ ಬಾಡಿಗೆ ಕಡಿಮೆ, ಆದರೆ ಬಸ್ಸು ನಿಲ್ಲುವಲ್ಲಿಂದ ಮನೆಗೆ ಹೋಗುವಷ್ಟರಲ್ಲಿ ಚಪ್ಪಲಿ ಕೆಂಪು ಮಣ್ಣಾಗುತ್ತಿತ್ತು. ಸಂಜೆಯ ಪಾಳಿ ಮುಗಿಸಿದ ಹೆಣ್ಣುಮಗಳು ದೀಪವಿಲ್ಲದ ಆ ದಾರಿಯಲ್ಲಿ ಹೇಗೆ ಬಂದಾಳು? ದಿನಾ ಆಟೋ ಹಿಡಿದರೆ ಉಳಿಸಿದ ಬಾಡಿಗೆ ಅಲ್ಲಿಗೇ ಹೋಯಿತು.

ಇದಲ್ಲದೆ ನನ್ನದೂ ಒಂದು ಪರೀಕ್ಷೆ ಇತ್ತು. ನಮ್ಮ ಅವ್ವ, ಅಂದರೆ ನಿಮ್ಮ ಮುತ್ತಜ್ಜಿ, "ಬ್ಯಾಳಿ ಬೇಯದ ಊರಿಗೆ ಹೆಣ್ಣು ಕೊಡಬ್ಯಾಡ್ರಿ" ಎನ್ನುತ್ತಿದ್ದಳು. ನನ್ನನ್ನು ತಿಳವಳ್ಳಿಗೆ ಕೊಡುವ ಮೊದಲು ನಮ್ಮಪ್ಪ ವರನ ಮನೆ ನೋಡಲು ಬಂದು, ಅವರ ಬಾವಿಯ ನೀರನ್ನು ಒಂದು ತಂಬಿಗೆ ತುಂಬಿಕೊಂಡು ಹೋಗಿದ್ದ. ಆ ನೀರಿನಲ್ಲಿ ಬೇಳೆ ಬೆಂದ ಮೇಲೆಯೇ ಮಾತು ಮುಂದುವರಿದದ್ದು. ಅಲ್ಲಿಯವರೆಗೆ ಆ ಮನೆಯ ಸಕ್ಕರೆಯನ್ನಾಗಲಿ ಚಹಾವನ್ನಾಗಲಿ ಬಾಯಿಗೆ ಹಾಕಿರಲಿಲ್ಲ. ಮಾತು ಕೂಡುವ ಮೊದಲು ಸಿಹಿ ತಿಂದರೆ ಒಪ್ಪಿದ ಹಾಗೆ ಎಂಬುದು ನಮ್ಮ ಮನೆಯ ಪದ್ಧತಿ. ನಿಮ್ಮ ಅಜ್ಜ ಇರುವ ತನಕ ನನ್ನನ್ನು ಕಾಡಿಸುತ್ತಿದ್ದರು: "ನಿಮ್ಮಪ್ಪ ನಮ್ಮ ಚಹಾ ಒಲ್ಲೆ ಅಂದ, ನಮ್ಮ ಬಾವಿ ಹೊತ್ಕೊಂಡು ಹೋದ."

ಹಾಗಾಗಿ ನಾನೂ ಹುಬ್ಬಳ್ಳಿಗೆ ಹೋಗುವಾಗ ಚೀಲದಲ್ಲಿ ಖಾಲಿ ಬಾಟಲಿ ಇಟ್ಟುಕೊಳ್ಳುತ್ತಿದ್ದೆ. ಹೊಸ ಬಡಾವಣೆಯ ಬೋರಿನ ಗಡಸು ನೀರು ತಂದು ಸವಣೂರಿನಲ್ಲಿ ಬೇಳೆ ಇಟ್ಟರೆ, ಗ್ಯಾಸು ಉರಿದೇ ಉರಿಯಿತು, ಬೇಳೆ ಮಾತ್ರ ಅಂಗಡಿಯಿಂದ ಬಂದ ಹಾಗೆಯೇ ಇತ್ತು. ನಿಮ್ಮಪ್ಪ ಪಾತ್ರೆಯಲ್ಲಿ ಇಣುಕಿ, "ಅತ್ತೀ, ಇದು ಫೇಲ್ ಆತ ನೋಡ್ರಿ" ಎಂದ.

ಅಡ್ಡಾಡುತ್ತಾ ಅಡ್ಡಾಡುತ್ತಾ ನನಗೊಂದು ಹೊಳೆಯಿತು. ಬಸ್ಸಿನ ದಾರಿಗೆ ಹತ್ತಿರವೇ ಇದ್ದರೂ, ಕಾರು ಒಳಗೆ ಬಂದು ಹೊರಳಲಾಗದ ಓಣಿಗಳಲ್ಲಿ ಬಾಡಿಗೆ ಇಳಿಯುತ್ತದೆ. ಕಾರು ಇದ್ದವರು ಅಲ್ಲಿಗೆ ಬರುವುದಿಲ್ಲ. ನಮ್ಮ ಹತ್ತಿರ ಕಾರೇ ಇಲ್ಲ. ಮತ್ತೆ ಕಾರಿನ ಜಾಗಕ್ಕೆ ನಾವೇಕೆ ದುಡ್ಡು ಕೊಡಬೇಕು? ಇದನ್ನು ಹೇಳಿದಾಗ ನಿಮ್ಮ ಅವ್ವ ಬಸ್ ನಿಲ್ದಾಣದಲ್ಲೇ ನಿಂತು ನನ್ನ ಮುಖ ನೋಡಿದಳು. "ಇಷ್ಟು ದಿನ ಎಲ್ಲಿ ಇಟ್ಟಿದ್ದಿ ಅವ್ವಾ ಈ ಮಾತು?"

ಮರುದಿನ ನೇರವಾಗಿ ಹಳೇ ಹುಬ್ಬಳ್ಳಿಗೆ ಹೋದೆವು. ಒಂದು ಹಿಟ್ಟಿನ ಗಿರಣಿಯ ಮುಂದೆ ಡಬ್ಬಿ ಇಟ್ಟುಕೊಂಡು ಕೂತ ಹೆಣ್ಣುಮಕ್ಕಳನ್ನು ಕೇಳಿದೆವು. ಯಾರ ಮನೆ ಖಾಲಿಯಾಗಿದೆ ಎಂಬುದು ಗಿರಣಿಗೆ ಮೊದಲು ತಿಳಿಯುತ್ತದೆ, ಆ ಮನೆಯ ಡಬ್ಬಿ ಬರುವುದು ನಿಂತಿರುತ್ತದಲ್ಲ. "ಆ ಹಸಿರು ಬಾಗಲದ ಮನಿ ನೋಡ್ರಿ, ಮ್ಯಾಲಿನವರು ಬಿಟ್ಟು ಹೋಗ್ಯಾರ" ಎಂದು ಒಬ್ಬಾಕೆ ಕೈ ತೋರಿಸಿದಳು.

ಬಾಗಿಲು ತೆರೆದವರು ನನ್ನ ವಯಸ್ಸಿನ ಮುಸಲ್ಮಾನ ಹೆಣ್ಣುಮಗಳು. ನೀವು ಈಗ ಕೆಳಗಿನ ದಾದಿಮಾ ಎಂದು ಕರೆಯುತ್ತೀರಲ್ಲ, ಅವರೇ.

"ಯಾವೂರವರ್ರಿ?" ಎಂದು ಕೇಳಿದರು.

"ಸವಣೂರ್ರಿ," ಎಂದಳು ಅವ್ವ.

"ಅಯ್ಯ, ನನ್ನ ತವರುಮನಿ ಹುಲಗೂರ್ರಿ! ಮಗ್ಗಲದವರ ಆದ್ರಿ ನೀವು. ಸವಣೂರಿಂದ ಬಂದೀರಿ, ಒಂದು ಕಟ್ಟು ವೀಳ್ಯದೆಲಿ ತರಬಾರದೇನು?"

ಮಹಡಿಯ ಮೇಲೆ ಎರಡು ಕೋಣೆ, ಬೆಳಗಿನ ಬಿಸಿಲು ಬೀಳುವ ಅಡುಗೆಮನೆ. ದವಾಖಾನೆಗೆ ಹೋಗುವ ಬಸ್ಸು ಓಣಿಯ ಬಾಯಿಗೇ ನಿಲ್ಲುತ್ತದೆ. ಅವರು ಹೇಳಿದ ಬಾಡಿಗೆ ಕೇಳಿ ನಿಮ್ಮ ಅವ್ವನ ಕಣ್ಣು ಅರಳಿತು. ಅಷ್ಟರಲ್ಲಿ ಆಕೆ ಒಳಗೆ ಹೋಗಿ ಚಹಾ, ಜೊತೆಗೆ ಬಿಸಿ ಶಿರಾ ತಂದಿಟ್ಟರು.

ನಾನು "ಬ್ಯಾಡ್ರಿ" ಎಂದೆ. ಅಷ್ಟೇ ಎಂದೆ. ಅವ್ವ ಬಟ್ಟಲಿಗೆ ಕೈ ಚಾಚಿದಾಗ ಅವಳ ಮೊಳಕೈಯನ್ನೂ ಮೆಲ್ಲಗೆ ಹಿಡಿದೆ. ಆಮೇಲೆ ಅಂಗಳದ ನಲ್ಲಿಗೆ ಬಾಟಲಿ ಹಿಡಿದು ನೀರು ತುಂಬಿಕೊಂಡೆ.

ಆಕೆಯ ಮುಖ ಸಣ್ಣದಾಯಿತು. ಚಹಾದ ಕಪ್ಪನ್ನು ತಾವೇ ಎತ್ತಿಕೊಂಡು, "ಮನಿ ಇನ್ನೊಬ್ಬರೂ ಕೇಳ್ಯಾರ್ರಿ. ನೋಡೂಣು," ಎಂದರು. ಹಸಿರು ಬಾಗಿಲು ನಮ್ಮ ಹಿಂದೆ ಮುಚ್ಚಿಕೊಂಡಿತು.

ಬಸ್ಸು ಹತ್ತುವ ತನಕ ತಡೆದುಕೊಂಡ ನಿಮ್ಮ ಅವ್ವ, ಸೀಟು ಸಿಕ್ಕ ಕೂಡಲೇ ಶುರು ಮಾಡಿದಳು.

"ಅವ್ವಾ, ಅವರು ಏನಂತ ತಿಳಕೊಂಡ್ರು ಗೊತ್ತೈತೇನು? ಇವರು ನಮ್ಮ ಮನಿಯಾಗ ಬಾಯಿಗೆ ಏನೂ ಹಾಕೂದಿಲ್ಲ ಅಂತ ತಿಳಕೊಂಡ್ರು."

"ಯವ್ವಾ! ಹಂಗಲ್ಲ. ಮಾತು ಮುಗಿದಿರಲಿಲ್ಲಲ್ಲ, ಅದಕ್ಕ..."

"ಅದು ನಿನಗ ಗೊತ್ತು, ನನಗ ಗೊತ್ತು. ಅವರಿಗೆ ಹೆಂಗ ಗೊತ್ತಾಗಬೇಕು? ಬಾಯಿ ಬಿಟ್ಟು ಹೇಳಬೇಕೋ ಬ್ಯಾಡೋ?" ಕಂಡಕ್ಟರನಿಂದ ಟಿಕೆಟ್ಟು ತೆಗೆದುಕೊಂಡು ಮತ್ತೆ ನನ್ನ ಕಡೆ ತಿರುಗಿದಳು. "ಮಕ್ಕಳು ತಿಳವಳ್ಳಿಗೆ ನಿನ್ನ ಕಡೆ ಬರಲಿ ಅಂತ ಬೇಕಂತ ಮಾಡಿದಿ ಏನು?"

ನಾನು ಬೇಕೆಂದು ಮಾಡಿರಲಿಲ್ಲ. ಆದರೂ ಆ ಮಾತು ಚುಚ್ಚಿತು. ನೀವು ಬರಬಹುದೆಂದು ನಾನು ಆಗಲೇ ಅಟ್ಟದ ಮೇಲಿನ ಗಾದಿ ಇಳಿಸಿ ಬಿಸಿಲಿಗೆ ಹಾಕಿಟ್ಟಿದ್ದೆ. ನಿಮ್ಮಿಬ್ಬರ ಗದ್ದಲ ಕೇಳಲು ನನ್ನ ಮನೆಗೂ ಆಸೆ ಇತ್ತು.

ಸವಣೂರಿಗೆ ಬಂದು, ಬಾಟಲಿಯ ನೀರಿನಲ್ಲಿ ಹಿಡಿ ಕಡಲೆಬೇಳೆ ಹಾಕಿ ಒಲೆಯ ಮೇಲಿಟ್ಟೆ. ನೀರು ಇಂಗುವ ಮೊದಲೇ ಬೇಳೆ ಅರಳಿತು. ಬೆರಳಲ್ಲಿ ಒತ್ತಿದರೆ ಬೆಣ್ಣೆ. ಇಂಥ ನೀರಿನ ಮನೆ ಕೈ ಬಿಟ್ಟು ಹೋಯಿತಲ್ಲ ಎಂದು ಒಲೆಯ ಮುಂದೆಯೇ ನಿಂತಿದ್ದೆ. ಚಿನ್ನವ್ವ, ಆಗ ನೀನು ಬಂದು ನನ್ನ ಸೆರಗು ಜಗ್ಗಿ ಕೇಳಿದೆ: "ಅಜ್ಜಿ, ಅವ್ವ ಇವತ್ತ ಇಲ್ಲೇ ಮಲಗ್ತಾಳೇನು?" ನಾನು ಹೌದು ಎಂದ ಕೂಡಲೇ ನೀನು ಅವಳ ದಿಂಬು ತಂದು ನಿನ್ನ ದಿಂಬಿಗೆ ಒತ್ತಿಟ್ಟೆ, ಯಾರೂ ಕದ್ದು ಒಯ್ಯಬಾರದೆಂಬಂತೆ. ತಿಳವಳ್ಳಿಯ ಗಾದಿ ಮತ್ತೆ ಅಟ್ಟ ಹತ್ತಲಿ ಎಂದು ಆಗ ಅಂದುಕೊಂಡೆ.

ಬೆಳಿಗ್ಗೆ ಅದೇ ಬೇಳೆಗೆ ಬೆಲ್ಲ ಹಾಕಿ ಹೂರಣ ಮಾಡಿದೆ. ನಾಲ್ಕೇ ನಾಲ್ಕು ಹೋಳಿಗೆ ಆದವು. ಅವನ್ನು ಡಬ್ಬಿಯಲ್ಲಿಟ್ಟುಕೊಂಡು ಬಸ್ ನಿಲ್ದಾಣಕ್ಕೆ ನಡೆದೆ. ವೀಳ್ಯದೆಲೆಯ ಒಂದು ಕಟ್ಟನ್ನೂ ತೆಗೆದುಕೊಂಡೆ. ಅವ್ವ ಬೆಳಗಿನ ಪಾಳಿಗೆ ಮೊದಲೇ ಹೋಗಿದ್ದಳು. ನಿಮ್ಮಪ್ಪ, "ಒಬ್ಬರ ಹೊಂಟೀರೇನ್ರಿ ಅತ್ತೀ?" ಎಂದು ಬೆರಗಾಗಿ ಸೀಟು ಹಿಡಿದು ಕೂರಿಸಿದ. ನಾನು ಹುಬ್ಬಳ್ಳಿಗೆ ಒಬ್ಬಳೇ ಹೋದದ್ದು ಅದೇ ಮೊದಲು. ಹೇಳಬೇಕಾದ ಮಾತನ್ನು ಶಿಗ್ಗಾಂವಿಯವರೆಗೆ ಬಾಯಿಪಾಠ ಮಾಡಿದೆ. ತಡಸ ಬರುವಷ್ಟರಲ್ಲಿ ಎಲ್ಲ ಮರೆತುಹೋಯಿತು.

ಹಸಿರು ಬಾಗಿಲು ತೆರೆಯಿತು. ಆಕೆ ನನ್ನನ್ನು ನೋಡಿ, "ಮತ್ತ ನೀರು ಬೇಕಾಗಿತ್ತೇನ್ರಿ?" ಎಂದರು.

ನಾನು ಡಬ್ಬಿಯ ಮುಚ್ಚಳ ತೆಗೆದು ಮುಂದೆ ಹಿಡಿದೆ. "ಅಕ್ಕಾರ, ಇದು ನಿಮ್ಮ ನೀರಾಗ ಬೆಂದ ಬ್ಯಾಳಿರಿ."

ಅಷ್ಟು ಬಾಯಿ ಬಿಟ್ಟ ಮೇಲೆ ಉಳಿದದ್ದು ತಾನೇ ಬಂತು. "ನಮ್ಮ ಮನ್ಯಾಗ ಹೆಣ್ಣು ಕೊಡೂ ಮೊದಲ ನೀರು ನೋಡ್ತಾರ್ರಿ. ಮಾತು ಕೂಡೂತನಕ ಆ ಮನಿ ಸಿಹಿ ಬಾಯಿಗೆ ಹಾಕೂದಿಲ್ರಿ. ಹಾಕಿದ್ರ ಒಪ್ಪಿದಂಗ. ನಿನ್ನೆ ಚಹಾ ಒಲ್ಲೆ ಅಂದದ್ದು ಅದಕ್ಕರಿ. ಬ್ಯಾರೆ ಏನೂ ನನ್ನ ಮನಸಿನ್ಯಾಗ ಇಲ್ರಿ."

ಆಕೆ ಹೋಳಿಗೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಹೆಣ್ಣು ಕೊಡಾಕ ಬಂದಿದ್ರೇನು? ನಾ ಎಲ್ಲಿ, ಬಾಡಿಗಿ ಕೇಳಾಕ ಬಂದಾರ ಅಂತ ತಿಳಕೊಂಡಿದ್ದೆ!"

"ಹೆಣ್ಣು ಕೊಡಾಕ ಬಂದೇನ್ರಿ. ಮಗಳು, ಅಳಿಯ, ಎರಡು ಮೊಮ್ಮಕ್ಕಳು, ಎಲ್ಲಾರನ್ನೂ ಕೊಡಾಕ ಬಂದೇನಿ."

"ಎಲ್ಲಾರನ್ನೂ ನನಗ ಕೊಟ್ರ ನಿಮಗೇನು ಉಳೀತ್ರಿ?"

"ಬಂದು ಹೋಗೂ ಹಾದಿ ಉಳೀತ್ರಿ," ಎಂದೆ. ಆ ಮಾತು ನನ್ನ ಬಾಯಿಗೆ ಎಲ್ಲಿಂದ ಬಂತೋ ಕಾಣೆ.

ಆಕೆ ನನ್ನ ಕೈ ಹಿಡಿದು ಒಳಗೆ ಕರೆದರು. "ಬರ್ರಿ, ಕುಂದರ್ರಿ. ಇನ್ನೊಬ್ಬರು ಕೇಳ್ಯಾರ ಅಂದದ್ದು ಸುಳ್ರಿ. ಸಿಟ್ಟು ಬಂದಿತ್ತು, ಅಂದುಬಿಟ್ಟೆ. ಬಿಸಿ ಶಿರಾ ಆರಿ ಹೋತಲ್ರೀ! ಈಗರೆ ಚಹಾ ಕುಡೀತೀರೋ ಇಲ್ಲೋ?"

"ಸಕ್ಕರಿ ಜಾಸ್ತಿ ಹಾಕ್ರಿ," ಎಂದೆ.

ಹೋಳಿಗೆ ಮುರಿದು ಬಾಯಿಗಿಟ್ಟುಕೊಂಡ ಮೇಲೆ ಅವರು ಡಬ್ಬಿಯ ತಳ ನೋಡಿದರು. "ಹೋಳಿಗಿ ತಂದ್ರಿ, ತುಪ್ಪ ಎಲ್ರಿ? ಇದಕ್ಕ ಬಾಡಿಗಿ ಏರಸ್ತೇನಿ ನೋಡ್ರಿ!" ಆಮೇಲೆ ಎಲೆಯ ಕಟ್ಟು ಕಂಡು ಅದನ್ನು ಎತ್ತಿ ಮೂಸಿ ನಕ್ಕರು. ಬಾಡಿಗೆ ಏರಲಿಲ್ಲ.

ಮಧ್ಯಾಹ್ನ, ಪಾಳಿ ಮುಗಿಸಿ ಬರುವ ನಿಮ್ಮ ಅವ್ವನಿಗಾಗಿ ನಾನು ದವಾಖಾನೆಯ ಗೇಟಿನಲ್ಲಿ ಕಾದು ನಿಂತಿದ್ದೆ. ಖಾಲಿ ಡಬ್ಬಿ ತೋರಿಸಿದೆ, ಮನೆಯ ಕೀಲಿ ತೋರಿಸಿದೆ. ಅವಳು ರಸ್ತೆಯಲ್ಲೇ ನನ್ನ ಭುಜಕ್ಕೆ ಹಣೆ ಇಟ್ಟಳು. ಬಸ್ಸಿನಲ್ಲಿ ಆಡಿದ ಮಾತನ್ನು ಆಮೇಲೆ ಇಬ್ಬರೂ ಎತ್ತಲಿಲ್ಲ.

ಶಾಲೆ ಶುರುವಾಗುವ ಮೊದಲೇ ನೀವು ಈ ಮನೆಗೆ ಬಂದಿರಿ. ಸವಣೂರಿನ ಅಂಗಡಿಗೆ ದಿನಾ ಬಸ್ಸು ಹಿಡಿಯುವ ಸರದಿ ನಿಮ್ಮಪ್ಪನದಾಯಿತು. ಸಾಮಾನಿನ ಟೆಂಪೋ ಓಣಿಯೊಳಗೆ ಬರಲೇ ಇಲ್ಲ. ಬಾಯಿಗೇ ನಿಂತಿತು. ನಿಮ್ಮಪ್ಪ ತಲೆ ಕೆರೆದುಕೊಳ್ಳುವಷ್ಟರಲ್ಲಿ ಗಿರಣಿಯವರು ಕಪಾಟಿಗೆ ಕೈ ಜೋಡಿಸಿದರು, ಎದುರುಮನೆಯವರು ಮಂಚ ಹೊತ್ತರು, ದಾದಿಮಾ ಬಾಗಿಲಲ್ಲಿ ನಿಂತು, "ಗ್ವಾಡಿಗೆ ತಾಗಸಬ್ಯಾಡ್ರೋ, ಸುಣ್ಣ ಹೊಸಾದು!" ಎಂದು ಎಲ್ಲರನ್ನೂ ಬೈದರು. ಗುಂಡಣ್ಣ, ನೀನು ನಿನ್ನ ಕ್ರಿಕೆಟ್ ಬ್ಯಾಟನ್ನು ಮಾತ್ರ ಯಾರ ಕೈಗೂ ಕೊಡಲಿಲ್ಲ. ಸಾಮಾನು ಮಹಡಿ ಹತ್ತುವಷ್ಟರಲ್ಲಿ ಓಣಿಯವರೆಲ್ಲ ನಮಗೆ ಪರಿಚಯವಾಗಿದ್ದರು. ಕಾರು ಬರುವ ಓಣಿಯಲ್ಲಿ ಟೆಂಪೋ ನೇರವಾಗಿ ಬಾಗಿಲಿಗೆ ಬಂದಿರುತ್ತಿತ್ತು, ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ನಿಮ್ಮ ಅವ್ವ ಸಂಜೆಯ ಪಾಳಿಯಿಂದ ಬರುವಾಗ ಗಿರಣಿಯವರ ದೀಪ ಉರಿಯುತ್ತಿರುವುದು ಅವಳಿಗಾಗಿಯೇ ಎಂಬುದು ನಿಮಗೆ ಗೊತ್ತಿರಲಿ.

ತಿಳವಳ್ಳಿಯ ಗಾದಿಯನ್ನು ನಾನು ಅಟ್ಟಕ್ಕೆ ಏರಿಸಲಿಲ್ಲ. ರಜೆಯಲ್ಲಿ ಬಂದು ನೀವು ಅದರ ಮೇಲೆ ಕುಣಿದು ಹತ್ತಿಯನ್ನೆಲ್ಲ ಒಂದು ಮೂಲೆಗೆ ಸೇರಿಸಿದ್ದೀರಿ. ಉಳಿದ ತಿಂಗಳು ನಾನೇ ಡಬ್ಬಿ ಹಿಡಿದು ಬರುತ್ತೇನೆ. ಈಗ ತುಪ್ಪ ಮರೆಯುವುದಿಲ್ಲ.

ಮುಂದೆ ದೊಡ್ಡವರಾದ ಮೇಲೆ ನೀವೂ ಯಾವುದೋ ದೊಡ್ಡ ಊರಲ್ಲಿ ಮನೆ ಹುಡುಕುತ್ತೀರಿ. ಕಾರು ಹೊರಳದ ಓಣಿಗೆ ಹೋಗಿರಿ, ಗಿರಣಿಯಲ್ಲಿ ಕೇಳಿರಿ, ಬಾಟಲಿಯಲ್ಲಿ ನೀರು ತುಂಬಿಕೊಳ್ಳಿರಿ. ಆದರೆ ಯಾಕೆ ತುಂಬಿಕೊಳ್ಳುತ್ತಿದ್ದೀರಿ ಎಂಬುದನ್ನು ಆ ಮನೆಯವರಿಗೆ ಅಲ್ಲಿಯೇ ಹೇಳಿಬಿಡಿರಿ. ನಿಮ್ಮಜ್ಜಿಯ ಹಾಗೆ ಎರಡು ಸಲ ಬಸ್ಸು ಹತ್ತಬೇಡಿರಿ.

ಈ ಹಾಳೆಗಳನ್ನು ಬೇಳೆಯ ಡಬ್ಬಿಯಲ್ಲಿ ಮಾತ್ರ ಇಡಬೇಡಿರಿ, ಹುಳ ಬೀಳುತ್ತವೆ. ನಿಮ್ಮ ಅವ್ವನ ಕಪಾಟಿನಲ್ಲಿ, ಓಣಿಯವರೆಲ್ಲ ಹೊತ್ತು ತಂದರಲ್ಲ ಆ ಕಪಾಟಿನಲ್ಲಿಯೇ, ಸೀರೆಯ ಮಡಿಕೆಯಲ್ಲಿ ಜೋಪಾನವಾಗಿಡಿರಿ. ಮುಂದೆ ಮನೆ ಬದಲಾದರೆ ಕಪಾಟು ಯಾರಾದರೂ ಹೊರಲಿ, ಇವನ್ನು ನೀವೇ ಕೈಯಲ್ಲಿ ಹಿಡಿದು ನಡೆಯಿರಿ.