ವಳಸಂಗದ ದಾರಿಯಲ್ಲಿ ರಬ್ಬರು ಸುಟ್ಟ ವಾಸನೆ

ಅವರ ಬಲಗೈಯ ಹಿಂಬದಿಯಲ್ಲಿ ಒಂದು ಕೂದಲೂ ಇರಲಿಲ್ಲ. ಗೆಣ್ಣುಗಳ ಮೇಲಿನ ಚರ್ಮ ಸುಟ್ಟು ಸುಟ್ಟು ಬದನೆಕಾಯಿ ಸಿಪ್ಪೆಯ ಹಾಗೆ ಹೊಳೆಯುತ್ತಿತ್ತು. ಮೋಟಾರಿನ ಯಾವ ಭಾಗ ಕಾದಿದೆ ಎಂದು ನೋಡಲು ಅವರು ಅಂಗೈ ಇಡುತ್ತಿರಲಿಲ್ಲ. ನಾವು ಮಕ್ಕಳ ಜ್ವರ ನೋಡುವಂತೆ ಕೈ ತಿರುಗಿಸಿ ಇಡುತ್ತಿದ್ದರು. “ಅಂಗೈ ಸುಟ್ಟರ ಸ್ಟೇರಿಂಗ್ ಹಿಡಿಯಾವ್ರು ಯಾರು?” ಎನ್ನುತ್ತಿದ್ದರು.

ಅಕ್ಕಲಕೋಟೆಯ ನಮ್ಮ ಓಣಿಗೆಲ್ಲ ಅವರು ಡ್ರೈವರ್ ಕಾಕಾ. ಸಂಸ್ಥಾನದ ಮೋಟಾರು ತೊಳೆಯುತ್ತ ಕೆಲಸ ಕಲಿತು, ಆಮೇಲೆ ಹಳೆಯ ಗಾಡಿಯೊಂದನ್ನು ಕೊಂಡು ಸೊಲ್ಲಾಪುರಕ್ಕೆ ಬಾಡಿಗೆಗೆ ಓಡಿಸುತ್ತಿದ್ದರು. ಅವರ ಗಾಡಿಯಲ್ಲಿ ಬೀಡಿ ಸೇದುವಂತಿಲ್ಲ, ಮಲ್ಲಿಗೆ ಮುಡಿದು ಮುಂದೆ ಕೂಡುವಂತೆಯೂ ಇಲ್ಲ. “ಗಾಡಿಗಿ ಬಾಯಿಲ್ಲ. ಅದು ವಾಸನೀಲೆ ಮಾತಾಡ್ತದ,” ಎಂದು ಹೇಳಿ ಮದುಮಗಳನ್ನೂ ಹಿಂದಕ್ಕೆ ಅಟ್ಟಿದ ಪುಣ್ಯಾತ್ಮ!

ಮೂವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನ್ನ ಮೂರು ವರ್ಷದ ಮಗಳ ಗಂಟಲಲ್ಲಿ ಬಿಳಿ ಪೊರೆ ಕಟ್ಟಿ, ಉಸಿರು ಸಿಳ್ಳೆ ಹೊಡೆಯತೊಡಗಿತು. ವೈದ್ಯರು ಬಾಯಿ ತೆರೆಸಿ ನೋಡಿದವರೇ, ಇದಕ್ಕೆ ಸೂಜಿಮದ್ದು ಸೊಲ್ಲಾಪುರದಲ್ಲೇ ಸಿಗಬೇಕು, ಮಧ್ಯಾಹ್ನದೊಳಗೆ ಮುಟ್ಟಿಸಿ ಎಂದರು. ಗಂಡ ಊರಲ್ಲಿರಲಿಲ್ಲ. ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ನಾನೂ ಅತ್ತೆಯೂ ಕಾಕಾನ ಗಾಡಿ ಹತ್ತಿದೆವು.

ವಳಸಂಗದ ಹತ್ತಿರ ಕುರಿಹಿಂಡೊಂದು ಅಡ್ಡ ಬಂತು. ಕಾಕಾ ಬ್ರೇಕು ಒತ್ತಿ, ಹಿಂಡು ದಾಟಿದ ಮೇಲೆ ಮತ್ತೆ ಗಾಡಿ ಬಿಟ್ಟರು. ಸ್ವಲ್ಪ ಹೊತ್ತಿಗೆ ರಬ್ಬರು ಸುಟ್ಟ ವಾಸನೆ ಬರತೊಡಗಿತು. ಮೊದಲು ಸಣ್ಣಗೆ, ಆಮೇಲೆ ಮೂಗು ಮುಚ್ಚುವಷ್ಟು. ಅತ್ತೆ ನನ್ನ ತೋಳು ಹಿಡಿದು ಚೀರಿದರು. “ಬೆಂಕಿ ಹತ್ತತದ! ನಿಂದರಸಪಾ, ಕೂಸಿನ್ನ ಇಳಸಪಾ!”

ಕಾಕಾ ಗಾಡಿ ನಿಲ್ಲಿಸಿ ನಮ್ಮನ್ನು ಬೇವಿನ ಮರದ ಕೆಳಗೆ ಕೂಡಿಸಿದರು. ಸುತ್ತ ಬರೀ ಎರೆಹೊಲ, ಒಂದು ನರಪಿಳ್ಳೆ ಇಲ್ಲ. ಮಗಳ ತುಟಿ ನೀಲಿಗಟ್ಟುತ್ತಿತ್ತು. ಅವಳು ಉಸಿರೆಳೆದಾಗಲೆಲ್ಲ ಕೊರಳ ಗುಳಿ ಒಳಗೆ ಹೋಗುತ್ತಿತ್ತು. ಅದು ಮತ್ತೆ ಹೊರಗೆ ಬರುವವರೆಗೆ ನನ್ನ ಜೀವ ನನ್ನಲ್ಲಿ ಇರುತ್ತಿರಲಿಲ್ಲ.

ಕಾಕಾ ಓಡಾಡಲಿಲ್ಲ, ಗಡಬಡಿಸಲಿಲ್ಲ. ಮುಂದಿನ ಮುಚ್ಚಳ ಎತ್ತಿ ಮೂಸಿದರು. “ವೈರ್ ಅಲ್ಲ. ವೈರ್ ಸುಟ್ಟರ ಕಣ್ಣ ಉರೀತಾವ.” ಫ್ಯಾನಿನ ಪಟ್ಟಿ ಮುಟ್ಟಿದರು. “ಇದೂ ಅಲ್ಲ.” ಆಮೇಲೆ ಒಂದೊಂದೇ ಗಾಲಿಯ ನಡುವಿಗೆ ಕೈಯ ಹಿಂಬದಿ ಇಡುತ್ತ ಬಂದರು. ಹಿಂದಿನ ಎಡಗಾಲಿಗೆ ಬಂದಾಗ ಕೈ ತಟ್ಟನೆ ಹಿಂದೆ ಸರಿಯಿತು. ಅದನ್ನು ಕಂಡ ಅತ್ತೆ, ಮಗುವಿಗೆಂದು ತಂದ ತಂಬಿಗೆ ನೀರು ಹಿಡಿದು ಓಡಿದರು.

“ನೀರ ಹಾಕಬ್ಯಾಡ್ರಿ ಅವ್ವಾರ! ಕಾದ ಕಬ್ಬಿಣ ಸೀಳತದ. ಗಾಲಿ ಹೋದರ ಕೂಸಿನ್ನ ಹೊತಗೊಂಡು ಹೋಗಬೇಕಾಗ್ತದ.”

ಕಾಕಾ ಗಾಡಿಯ ಕೆಳಗೆ ತೂರಿದರು. ನಾನು ಮಗಳನ್ನು ಅತ್ತೆಯ ಕೈಗೆ ಕೊಟ್ಟು ಹೋಗಿ ಬಗ್ಗಿದೆ. “ಕಾಕಾ, ನನ್ನ ಕೂಸು ಉಳಿಯೂದಿಲ್ಲ,” ಎಂದೆ. ಕೆಳಗಿಂದ ಚಾಕು ಏನನ್ನೋ ಕೊಯ್ಯುವ ಸದ್ದು ಬಂತು. ಹೊರಗೆ ಬಂದಾಗ ಅವರ ಮುಷ್ಟಿಯಲ್ಲಿ ಒಂದು ಗಂಟಿತ್ತು. ಅತ್ತೆಗೆ ಕಾಣದ ಹಾಗೆ ಬೆನ್ನು ಮಾಡಿ ನನಗೆ ತೋರಿಸಿದರು. ಹಸಿರು ಖಣದ ಬಟ್ಟೆ ಅರ್ಧ ಕರಿಗಟ್ಟಿತ್ತು. ಒಳಗೆ ಇಡೀ ಕೊಬ್ಬರಿ ಗಿಟುಕು, ಅರಿಷಿಣದ ಕೊಂಬು.

ಅದು ನಮ್ಮ ಮನೆಯ ಹರಕೆ ಗಂಟು. ರೋಗಿಯನ್ನು ಬಂಡಿಯಲ್ಲಿ ಒಯ್ಯುವಾಗ ಅತ್ತೆ ಅದನ್ನು ಬಂಡಿಯ ಅಚ್ಚಿಗೆ ಕಟ್ಟುತ್ತಿದ್ದರು. ಅವತ್ತು ಮುಂಜಾನೆ ಗಾಲಿಗೆ ಕುಂಕುಮ ಹಚ್ಚಲು ಬಗ್ಗಿದವರು, ಕೈಗೆ ಸಿಕ್ಕ ಕಬ್ಬಿಣದ ಸಳಿಗೆ ಬಿಗಿದಿದ್ದರು. ಅದು ಬ್ರೇಕಿನ ಸಳಿ. ಕುರಿ ಅಡ್ಡ ಬಂದು ಬ್ರೇಕು ಒತ್ತಿದಾಗ ಸಳಿ ಸರಿದು ಗಿಟುಕು ಸಂದಿನಲ್ಲಿ ಸಿಕ್ಕಿಬಿದ್ದಿತ್ತು. ಹಿಡಿದ ಬ್ರೇಕು ಬಿಟ್ಟಿರಲೇ ಇಲ್ಲ.

“ಯಾರ ಮುಂದನೂ ಆಡಬ್ಯಾಡ, ತಂಗಿ,” ಎಂದು ಪಿಸುಗುಟ್ಟಿ, ಗಂಟನ್ನು ಸೀಟಿನ ಕೆಳಗೆ ತುರುಕಿದರು. ಆಮೇಲೆ ಅತ್ತೆಗೆ ಕೇಳುವಂತೆ ಜೋರಾಗಿ, “ಬ್ರೇಕ್ ಹಿಡದಿತ್ರಿ ಅವ್ವಾರ. ನಂದ ತಪ್ಪ. ಮುಂಜಾನಿ ನೋಡಬೇಕಾಗಿತ್ತು.”

ಗಾಲಿ ಆರದೆ ಹೊರಟರೆ ಟಾಯರ್ ಒಡೆಯುತ್ತದೆ, ಕಾಯಬೇಕು ಎಂದರು. ತಮ್ಮ ರುಮಾಲು ಬಿಚ್ಚಿ ಗಾಲಿಗೆ ಗಾಳಿ ಹಾಕುತ್ತ ಕೂತರು. ಆ ಹೊತ್ತು ಎಷ್ಟಿತ್ತೋ, ನನಗೆ ಇವತ್ತಿಗೂ ಅದು ಮುಗಿದಿಲ್ಲ. ಅತ್ತೆಯ ಬಾಯಿಗೆ ತಡೆಯೇ ಇರಲಿಲ್ಲ. “ನಿನ್ನ ಗಾಡಿ ಸುಡಗಾಡಿಗಿ ಹೋಗಲಿ! ನನ್ನ ಮಮ್ಮಗಳಿಗಿ ಏನರೆ ಆತಂದ್ರ ನೀನಽ ಕೊಂದಂಗ, ತಿಳಕೋ!” ಕಾಕಾ ತಲೆ ಎತ್ತಲಿಲ್ಲ. “ಹೌದ್ರಿ ಅವ್ವಾರ,” ಎಂದರು.

ದಾರಿಯ ಕುಂಭಾರಿ ಊರು ದಾಟಿದ್ದು, ಸೊಲ್ಲಾಪುರದ ದವಾಖಾನೆಯ ಮೆಟ್ಟಿಲು ಹತ್ತಿದ್ದು ನನಗೆ ಸರಿಯಾಗಿ ನೆನಪಿಲ್ಲ. ಸೂಜಿ ಬಿತ್ತು. ಮೂರನೆಯ ದಿನ ಮಗಳು ರೊಟ್ಟಿ ಕೇಳಿದಳು.

ಅತ್ತೆ ಊರಿಗೆ ಬಂದದ್ದೇ ತಡ, ಓಣಿಯ ತುಂಬ ಸಾರಿದರು: ಆ ಮನುಷ್ಯನ ಗಾಡಿ ಹತ್ತಬೇಡಿ. ನಾಲ್ಕು ಮನೆಯವರು ಬೇರೆ ಗಾಡಿ ಹಿಡಿದರು. ಒಂದು ದಿನ ನಾನು ಕಾಕಾನನ್ನು ತಡೆದು, ನಿಜ ಹೇಳಿಬಿಡುತ್ತೇನೆ ಎಂದೆ.

“ಹುಚ್ಚಿ ಇದ್ದೀ ನೀ. ನನಗ ಬಾಡಗಿ ಇನ್ನೊಬ್ಬರು ಕೊಡ್ತಾರ. ಆ ಮುದುಕಿಗಿ ನಿದ್ದಿ ಯಾರ ಕೊಡ್ತಾರ?”

ಆ ದಶಕ ಮುಗಿಯುವಷ್ಟರಲ್ಲಿ ಕಾಕಾ ವಿಷಮಜ್ವರ ಬಂದು ತೀರಿಕೊಂಡರು. ಸುದ್ದಿ ಬಂದಾಗ ಅತ್ತೆ ಪಡಸಾಲೆಯಲ್ಲಿ ಮೊಮ್ಮಗಳ ಜಡೆ ಹೆಣೆಯುತ್ತಿದ್ದರು. ಕೈ ನಿಲ್ಲಿಸಿ ಸೆರಗಿನಿಂದ ಕಣ್ಣು ಒರೆಸಿಕೊಂಡರು.

“ಪಾಪ, ಮನುಷ್ಯಾ ಚೊಲೋ ಇದ್ದ. ಖರೆ, ಗಾಡಿ ನೆಟ್ಟಗ ಇಟಗೊಳ್ಳಲಿಲ್ಲ ನೋಡು.”

ನಾನು ಬಾಯಿ ತೆರೆದೆ. ಅತ್ತೆ ಮತ್ತೆ ಮೂರು ಎಳೆ ಬಿಡಿಸಿ, ಹುಡುಗಿಗೆ ನೋಯದ ಹಾಗೆ ಮೆಲ್ಲಗೆ ಹೆಣೆಯತೊಡಗಿದರು.

“ಹೌದ್ರಿ ಅತ್ತಿ,” ಎಂದೆ.